ಸ್ಟಾರ್ಟರ್ ಡಬ್ಬಿಯಲ್ಲಿ ಉಳಿಯುವ ವಿಸಿಟಿಂಗ್ ಕಾರ್ಡ್

ತಿಪಟೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಯಾರೇ ವಿಸಿಟಿಂಗ್ ಕಾರ್ಡ್ ಮಾಡಿಸಲು ಬಂದರೂ ಬಣ್ಣ, ಡಿಸೈನ್ ಮಾತು ಆಮೇಲೆ. ಮೊದಲು ಕೇಳುವುದು ಇಷ್ಟೇ: ಕಾರ್ಡ್ ತಗೊಂಡವರು ಅದನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆ, ಯಾವಾಗ ಹುಡುಕುತ್ತಾರೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಮೋಟಾರ್ ರಿವೈಂಡಿಂಗ್ ಮಾಡುವ ಒಬ್ಬ ಅಣ್ಣನಿಗೆ ಮಾಡಿಕೊಟ್ಟ ಕಾರ್ಡನ್ನೇ ಹೇಳುತ್ತೇನೆ. ಸುತ್ತಮುತ್ತಲಿನ ತೆಂಗಿನ ತೋಟಗಳ ಬೋರ್‌ವೆಲ್ ಮೋಟಾರ್ ಎತ್ತುವುದು, ಸುಟ್ಟ ತಂತಿ ತೆಗೆದು ಹೊಸದಾಗಿ ಸುತ್ತುವುದು, ಮತ್ತೆ ಇಳಿಸುವುದು ಅವರ ಕೆಲಸ. ಅವರ ಹಳೇ ಕಾರ್ಡಿನಲ್ಲಿ ಮೇಲೆ ದೇವರ ಫೋಟೋ, ಪಕ್ಕದಲ್ಲಿ ಮೋಟಾರ್ ಚಿತ್ರ, ಮಧ್ಯೆ ಇಂಗ್ಲಿಷಿನಲ್ಲಿ ಹೆಸರು. ಫೋನ್ ನಂಬರ್ ಮೂಲೆಯಲ್ಲಿ ಸಣ್ಣಗೆ ಕೂತಿತ್ತು. ನನ್ನ ಪ್ರಶ್ನೆಗೆ ಅವರು ಹೇಳಿದರು: “ರೈತರು ಎಲ್ಲಿಡ್ತಾರಪ್ಪಾ, ಸ್ಟಾರ್ಟರ್ ಡಬ್ಬಿಯೊಳಗೆ ಸಿಗಿಸ್ತಾರೆ. ಮೋಟಾರ್ ಸುಟ್ಟಾಗ ತೆಗೀತಾರೆ.”

ಸ್ಟಾರ್ಟರ್ ಡಬ್ಬಿ ಅಂದರೆ ಮೋಟಾರ್ ಆನ್ ಮಾಡುವ ಸ್ವಿಚ್ ಡಬ್ಬಿ. ಅಲ್ಲಿ ಪಂಪ್ ಮನೆಯ ಮಬ್ಬು ಬೆಳಕು, ಕೈಯಲ್ಲಿ ಮಣ್ಣೋ ಗ್ರೀಸೋ, ಜೇಬಿನಲ್ಲಿ ಕನ್ನಡಕ ಇಲ್ಲ, ತೋಟಕ್ಕೆ ನೀರು ನಿಂತಿದೆ. ಆ ಹೊತ್ತಿನಲ್ಲಿ ಬೇಕಾದ್ದು ಎರಡೇ ಮಾತು: ಇದು ಮೋಟಾರ್ ರಿಪೇರಿಯವರ ಕಾರ್ಡು, ನಂಬರ್ ಇದು. ಹಾಗಾಗಿ ‘ಬೋರ್‌ವೆಲ್ ಮೋಟಾರ್ ರಿಪೇರಿ’ ಅನ್ನುವುದನ್ನು ಮೇಲೆ ದಪ್ಪಕ್ಷರದಲ್ಲಿ ಇಟ್ಟೆ. ಅದರ ಕೆಳಗೆ ನಂಬರ್, ಐದು ಐದು ಅಂಕಿಗಳಾಗಿ ಬಿಡಿಸಿ, ಕಾರ್ಡಿನ ಅಗಲ ಪೂರ್ತಿ. ಫೋನಿನ ಕೀಲಿಗಳ ಮೇಲಿರುವ ಅಂಕಿಗಳನ್ನೇ ಬಳಸಿದೆ. ನೋಡಿ ಒತ್ತುವಾಗ ಕಣ್ಣು ತಡವರಿಸಬಾರದು ಅಲ್ವಾ? ಅಣ್ಣನ ಹೆಸರು, ಅಂಗಡಿ ಹೆಸರು ಆಮೇಲೆ. ದೇವರನ್ನು ಬಿಡಲಿಲ್ಲ. ಅದು ಅವರ ನಂಬಿಕೆ. ಫೋಟೋ ಬದಲು ಮೇಲೊಂದು ಸಾಲು ಅಕ್ಷರದಲ್ಲಿ ಬಂತು.

ಕನ್ನಡದ ಕಾರ್ಡಿನಲ್ಲಿ ಜಾಸ್ತಿ ಗಮನ ಬೇಕಾದ್ದು ಅಕ್ಷರಕ್ಕೆ. ‘ವರ್ಕ್ಸ್’ ಅನ್ನುವ ಒಂದು ಪದ ನೋಡಿ. ಕ್ ಕೆಳಗೆ ಸಕಾರದ ಒತ್ತು, ಪಕ್ಕದಲ್ಲಿ ಅರ್ಕಾವತ್ತು. ಏಳು ಪಾಯಿಂಟಿಗೆ ಇಳಿಸಿದರೆ ಆ ಒತ್ತು ಶಾಯಿ ತುಂಬಿ ಚುಕ್ಕೆಯಂತೆ ಕಾಣುತ್ತದೆ. ಒತ್ತುಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಕೇಳುವವರು ಬಹಳ. ಸಣ್ಣ ಕನ್ನಡ ಅಕ್ಷರಕ್ಕೆ ನಾನು ಅದನ್ನು ಮಾಡುವುದಿಲ್ಲ. ಸುತ್ತಲಿನ ಶಾಯಿ ಸ್ವಲ್ಪ ಹರಡಿದರೂ ತೆಳು ಗೆರೆಗಳು ಮುಚ್ಚಿಹೋಗುತ್ತವೆ. ಸಣ್ಣ ಅಕ್ಷರಗಳಿಗೆ ಬರೀ ಕಪ್ಪು ಶಾಯಿ ಒಂದೇ ಸಾಕು. ನಾಲ್ಕು ಬಣ್ಣ ಬೆರೆಸಿದ ಕಪ್ಪು ಹಾಕಿದರೆ, ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ನೆರಳು ಬಂದಂತೆ ಆಗುತ್ತದೆ.

ಫೈಲ್ ಪ್ರೆಸ್ಸಿಗೆ ಹೋಗುವಾಗ ಇನ್ನೊಂದು ಗಂಡಾಂತರ. ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟುಗಳಲ್ಲಿ ಕೂಡಿಸಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಯೂನಿಕೋಡ್ ಅಕ್ಷರ ಆದರೆ, ಕನ್ನಡ ಜೋಡಣೆ ಗೊತ್ತಿಲ್ಲದ ಹಳೇ ಸಾಫ್ಟ್‌ವೇರ್ ಒತ್ತುಗಳನ್ನು ಬಿಡಿಬಿಡಿಯಾಗಿ ಒಡೆದು ಹಾಕುತ್ತದೆ. ಅದಕ್ಕೇ ಡಿಸೈನ್ ಮಾಡುವ ಕೋರೆಲ್ ಡ್ರಾ ಸಾಫ್ಟ್‌ವೇರಿನಲ್ಲಿ ಎಲ್ಲಾ ಅಕ್ಷರ ಆಯ್ಕೆ ಮಾಡಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿಯೇ, ಅಂದರೆ ಅಕ್ಷರವನ್ನು ಫಾಂಟ್ ಬೇಡದ ಗೆರೆಚಿತ್ರ ಮಾಡಿಯೇ ಕಳಿಸುತ್ತೇನೆ. ತಿದ್ದುವುದಕ್ಕೆ ಮೂಲ ಫೈಲ್ ಬೇರೆ ಇಟ್ಟುಕೊಳ್ಳುತ್ತೇನೆ.

ಅಳತೆ ಸುಲಭ. ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರ. ಬಣ್ಣ ಅಂಚಿನವರೆಗೂ ಬರುವುದಾದರೆ ಕತ್ತರಿಸಲು ಸುತ್ತಲೂ 3 ಮಿ.ಮೀ. ಹೆಚ್ಚು ಬಿಡುತ್ತೇನೆ. ಅಕ್ಷರಗಳು ಅಂಚಿನಿಂದ ಕನಿಷ್ಠ 4 ಮಿ.ಮೀ. ಒಳಗೇ ಇರಬೇಕು. ಸುತ್ತ ಸಣ್ಣ ಬಾರ್ಡರ್ ಬೇಡವೇ ಬೇಡ. ಕಟ್ಟಿಂಗ್ ಮೆಷಿನ್ನಿನಲ್ಲಿ ಹಾಳೆಗಳ ಕಟ್ಟು ಒಂಚೂರು ಜರುಗಿದರೂ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಕಾಣುತ್ತದೆ.

ಈ ಕಾರ್ಡಿನಲ್ಲಿ ನನಗೆ ಬಹಳ ಖುಷಿ ಕೊಟ್ಟಿದ್ದು ಹಿಂಭಾಗ. ಅಲ್ಲಿ ಇನ್ನಷ್ಟು ಸೇವೆಗಳ ಪಟ್ಟಿ ಹಾಕೋಣ ಎಂದು ಅಣ್ಣ ಹೇಳುತ್ತಿದ್ದರು. ಮಾತಾಡುತ್ತಾ ಕೂತಾಗ ತಿಳಿಯಿತು: ಫೋನ್ ಬಂದ ತಕ್ಷಣ ಅವರು ಕೇಳುವುದು ಎಷ್ಟು ಎಚ್‌ಪಿ, ಎಷ್ಟು ಸ್ಟೇಜ್ (ಪಂಪಿನೊಳಗೆ ನೀರೆತ್ತುವ ಚಕ್ರಗಳ ಲೆಕ್ಕ), ಪೈಪ್ ಎಷ್ಟು ಇಳಿದಿದೆ ಎಂದು. ಎಷ್ಟು ಜನ ಬೇಕು, ಯಾವ ಗಾಡಿ ಒಯ್ಯಬೇಕು ಅನ್ನುವುದೆಲ್ಲ ಅದರ ಮೇಲೆ ನಿಂತಿದೆ. ಎಷ್ಟೋ ರೈತರಿಗೆ ಅದು ನೆನಪಿರುವುದಿಲ್ಲ. ಹಿಂದೆ ಅದೇ ಸಾಲುಗಳನ್ನು ಖಾಲಿ ಗೆರೆಗಳೊಂದಿಗೆ ಹಾಕಿದೆ: ಎಚ್‌ಪಿ, ಸ್ಟೇಜ್, ಪೈಪ್ ಅಡಿ, ಕೇಬಲ್, ಮೋಟಾರ್ ಇಳಿಸಿದ ತಾರೀಖು. ಮೋಟಾರ್ ಇಳಿಸಿದ ದಿನವೇ ಅಣ್ಣ ಬರೆದು ಕೊಟ್ಟರೆ ಆಯ್ತು. ತನ್ನ ಬೋರ್‌ವೆಲ್ ಲೆಕ್ಕ ಇರುವ ಕಾರ್ಡನ್ನು ರೈತ ಸುಮ್ನೆ ಎಸೆಯುವುದಿಲ್ಲ.

ಬರೆಯಬೇಕು ಎಂದ ಮೇಲೆ ಕಾಗದವೂ ಬೇರೆಯಾಯಿತು. ಮಾಮೂಲಿ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ) ಆರ್ಟ್ ಕಾರ್ಡಿಗೆ ಎರಡೂ ಕಡೆ ಲ್ಯಾಮಿನೇಷನ್ ಮಾಡಿದರೆ ಬಾಲ್ ಪೆನ್ ಹಿಡಿಯುವುದಿಲ್ಲ. ಒಂದು ಮುಖ ಮಾತ್ರ ನುಣುಪಾಗಿರುವ ಬೋರ್ಡ್ ತಗೊಂಡು, ಮುಂದೆ ಮಾತ್ರ ಲ್ಯಾಮಿನೇಷನ್ ಮಾಡಿಸಿದೆ. ಗ್ರೀಸ್ ಕೈ ತಾಗಿದರೂ ಒರೆಸಬಹುದು. ಒಂದೇ ಕಡೆ ಫಿಲ್ಮ್ ಹಾಕಿದರೆ ಕಾರ್ಡ್ ಫಿಲ್ಮಿನ ಕಡೆಗೆ ಬಾಗುತ್ತದೆ. ಸ್ವಲ್ಪ ದಪ್ಪ ಬೋರ್ಡ್ ಆರಿಸಿ, ಕತ್ತರಿಸುವ ಮೊದಲು ಹಾಳೆಗಳ ಮೇಲೆ ಭಾರ ಇಡಿಸಿದರೆ ಬಾಗುವುದು ಬಹಳ ಕಡಿಮೆಯಾಗುತ್ತದೆ.

ಕ್ಯೂಆರ್ ಕೋಡ್ ಬೇಕೇ ಎಂದು ಇಬ್ಬರೂ ಯೋಚಿಸಿದೆವು. ತೋಟಕ್ಕೆ ಡೋರ್ ನಂಬರ್ ಇರುವುದಿಲ್ಲ, ರೈತರ ಮಕ್ಕಳು ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸುತ್ತಾರೆ. ಅದಕ್ಕಾಗಿ ವಾಟ್ಸಾಪ್ ಚಾಟ್ ನೇರವಾಗಿ ತೆರೆಯುವ ಚಿಕ್ಕ ಲಿಂಕಿನ ಕೋಡ್ ಹಾಕಿದೆ. ಹೆಸರು, ವಿಳಾಸ, ಇಮೇಲ್ ಎಲ್ಲ ತುಂಬಿದರೆ ಚೌಕಗಳು ತೀರಾ ಚಿಕ್ಕದಾಗಿ ಮಬ್ಬಿನಲ್ಲಿ ಫೋನ್ ಹಿಡಿಯುವುದಿಲ್ಲ. ಎರಡು ಸೆಂ.ಮೀ. ಚೌಕ, ಬಿಳಿ ಹಿನ್ನೆಲೆ, ಸುತ್ತಲೂ ಖಾಲಿ ಜಾಗ. ಅಷ್ಟಿದ್ದರೆ ಸಾಕು.

ಸಾವಿರಗಟ್ಟಲೆ ಬೇಕೆಂದರೆ ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಅಗ್ಗ. ಆದರೆ ಹತ್ತಾರು ಜನರ ಕಾರ್ಡನ್ನು ಒಂದೇ ದೊಡ್ಡ ಹಾಳೆಯಲ್ಲಿ ಕೂಡಿಸಿ ಅಚ್ಚು ಹಾಕುತ್ತಾರೆ, ನಮ್ಮೊಬ್ಬರ ಬಣ್ಣ ತಿದ್ದಲು ಆಗುವುದಿಲ್ಲ. ಹಾಗಾಗಿ ಮೊದಲ ಸಲ ಪ್ಲೇಟ್ ಇಲ್ಲದೆ ಫೈಲಿನಿಂದ ನೇರ ಪ್ರಿಂಟ್ ಆಗುವ ಡಿಜಿಟಲ್ಲಿನಲ್ಲಿ ಸ್ವಲ್ಪವೇ ಹಾಕಿಸಲು ಹೇಳುತ್ತೇನೆ. 13×19 ಇಂಚಿನ ಒಂದು ಹಾಳೆಯಲ್ಲಿ 24 ಕಾರ್ಡ್ ಕೂರುತ್ತವೆ. ಅಣ್ಣ ಅವನ್ನು ಹಂಚಿ ಬಂದು, ಕೇಬಲ್ ಸಾಲಿನ ಪಕ್ಕ ‘ಎಂಎಂ’ ಎಂದು ಸೇರಿಸು, ಫ್ಯೂಸ್ ಹಾಕುವವರ ನಂಬರಿಗೂ ಒಂದು ಗೆರೆ ಬಿಡು ಎಂದರು. ಎರಡನ್ನೂ ಸೇರಿಸಿದ ಮೇಲೆಯೇ ಆಫ್‌ಸೆಟ್ಟಿಗೆ ಕಳಿಸಿದೆ.