ಫೈಲಿನ ಹಿಂದೆ ಒಂದು ದಿನ ನಡೆಯಿರಿ: ಆಸ್ಪತ್ರೆ ಆಡಳಿತಕ್ಕೆ ಬರುವುದು ಹೇಗೆ?

ಎರಡು ವರ್ಷದ ಹಿಂದೆ ನಮ್ಮ ತಂದೆಗೆ ಹರ್ನಿಯಾ ಆಪರೇಷನ್ ಆಯಿತು. ಮೂರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಡಾಕ್ಟರು ಬಂದು, ‘ಇವತ್ತು ಮನೆಗೆ ಹೋಗಬಹುದು’ ಅಂದರು. ನಾವು ಆಸ್ಪತ್ರೆ ಗೇಟು ದಾಟಿದ್ದು ಸಂಜೆ ಆರಕ್ಕೆ. ಅಮ್ಮ ಬ್ಯಾಗ್ ಕಟ್ಟಿಕೊಂಡು ಮಂಚದ ತುದಿಯಲ್ಲಿ ಕೂತವರು ಊಟಕ್ಕೂ ಏಳಲಿಲ್ಲ. ಅಲ್ಲಿ ಯಾರೂ ಸುಮ್ನೆ ಕೂತಿರಲಿಲ್ಲ. ಸಿಸ್ಟರ್ ಓಡಾಡುತ್ತಲೇ ಇದ್ದರು. ಬಿಲ್ಲಿಂಗ್ ಹುಡುಗ ಕಿವಿಯಿಂದ ಫೋನು ಇಳಿಸಿರಲಿಲ್ಲ. ಆದರೆ ಅಪ್ಪನ ಫೈಲು ಈಗ ಯಾರ ಮೇಜಿನ ಮೇಲಿದೆ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ.

ಅದನ್ನು ಗೊತ್ತಿಟ್ಟುಕೊಳ್ಳುವುದೇ ಆಸ್ಪತ್ರೆ ಆಡಳಿತದ ಕೆಲಸ. ಡಿಗ್ರಿ ಮುಗಿಸಿ ದಿನಾ ಬೆಂಗಳೂರಿನ ಬಸ್ಸು ಹತ್ತುವ ಕೋಲಾರದ ಮಕ್ಕಳಿಗೆ, ಹತ್ತು ವರ್ಷ ವಾರ್ಡಿನಲ್ಲಿ ದುಡಿದು ‘ಮುಂದೇನು’ ಅಂತ ಯೋಚಿಸುವ ಸಿಸ್ಟರ್‌ಗಳಿಗೆ ಈ ದಾರಿ ಇದೆ ಅಂತಲೇ ಜಾಸ್ತಿ ಜನ ಹೇಳಿಲ್ಲ.

ಮೊದಲ ಹೆಜ್ಜೆ: ಕೋರ್ಸ್ ಹುಡುಕುವ ಮುಂಚೆ ಆಸ್ಪತ್ರೆ ನೋಡಿ

ನಮ್ಮ ಕೋಲಾರದಲ್ಲಿ ನೋಡಲು ಜಾಗಕ್ಕೆ ಬರವಿಲ್ಲ. ಊರೊಳಗೆ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಜಾಲಪ್ಪ ಆಸ್ಪತ್ರೆ ಇದೆ. ನೂರು ವರ್ಷ ದಾಟಿದ ಇಟಿಸಿಎಂ ಮಿಷನ್ ಆಸ್ಪತ್ರೆ ಇದೆ. ಚಿಕ್ಕ ನರ್ಸಿಂಗ್ ಹೋಮ್‌ಗಳು ಬೇಕಾದಷ್ಟು. ಯಾವುದಾದರೂ ಒಂದರಲ್ಲಿ ಅನುಮತಿ ಕೇಳಿ, ಒಂದು ಡಿಸ್ಚಾರ್ಜ್ ಫೈಲಿನ ಹಿಂದೆ ಇಡೀ ದಿನ ನಡೆಯಿರಿ. ಗಡಿಯಾರ ನೋಡಿ ಬರೆದುಕೊಳ್ಳಿ. ರೋಗಿಯ ಹೆಸರು ಮಾತ್ರ ಎಲ್ಲೂ ಬರೆಯಬೇಡಿ.

ಏನು ಕಾಣುತ್ತೆ? ಡಾಕ್ಟರು ಡಿಸ್ಚಾರ್ಜ್ ಬರೆಯುತ್ತಾರೆ. ಡ್ಯೂಟಿ ಡಾಕ್ಟರು ಡಿಸ್ಚಾರ್ಜ್ ಸಮರಿ, ಅಂದರೆ ಚಿಕಿತ್ಸೆಯ ಸಾರಾಂಶ ತಯಾರಿಸಬೇಕು, ಆದರೆ ಅವರು ಕ್ಯಾಶುವಾಲ್ಟಿಯಲ್ಲಿ ಇರುತ್ತಾರೆ. ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಬೇಕು. ಲ್ಯಾಬಿನ ಕೊನೇ ರಿಪೋರ್ಟು ಸೇರಬೇಕು. ಆಮೇಲೆ ಬಿಲ್ಲು. ಇನ್ಶೂರೆನ್ಸ್ ಇದ್ದರೆ ಫೈನಲ್ ಬಿಲ್ಲು ಕಂಪನಿಗೆ ಹೋಗಿ ಒಪ್ಪಿಗೆ ಬರಬೇಕು. ಆಸ್ಪತ್ರೆ ಕೇಳಿದ 3 ಗಂಟೆಯೊಳಗೆ ಕಂಪನಿ ಈ ಒಪ್ಪಿಗೆ ಕೊಡಬೇಕು ಅಂತ ವಿಮಾ ನಿಯಂತ್ರಕರಾದ ಐಆರ್‌ಡಿಎಐ 2024ರಲ್ಲಿ ಹೇಳಿದೆ. ಆದರೆ ಆಸ್ಪತ್ರೆಯಿಂದ ಬಿಲ್ಲು ಹೋಗುವುದೇ ಮಧ್ಯಾಹ್ನ ಎರಡಕ್ಕಾದರೆ ಆ ನಿಯಮ ಏನು ಮಾಡೀತು? ಹಿಂದಿನ ದಿನ ಸಂಜೆಯೇ ಸಮರಿಯ ಕರಡು ಸಿದ್ಧ ಮಾಡಿಸುವ, ಬೆಳಿಗ್ಗೆ ಎಂಟಕ್ಕೇ ಔಷಧಿ ರಿಟರ್ನ್ ಮುಗಿಸುವ ಒಬ್ಬರು ಬೇಕು. ಬಾಗಿಲಲ್ಲಿ ಬೆಡ್ ಇಲ್ಲದೆ ಇನ್ನೊಬ್ಬ ರೋಗಿ ಕಾಯುತ್ತಿರುತ್ತಾರೆ ಅಲ್ವಾ? ಅವರ ಕಾಯುವಿಕೆ ಕಡಿಮೆಯಾಗುವುದೂ ಈ ಒಬ್ಬರಿಂದಲೇ.

ಇದೇ ಓಡಾಟದಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕೌಂಟರಿನಲ್ಲೂ ಅರ್ಧ ದಿನ ನಿಲ್ಲಿ. 2018ರಲ್ಲಿ ಬಂದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಚಿಕಿತ್ಸೆಯ ಪ್ಯಾಕೇಜ್ ದರದ ಶೇಕಡಾ 30 ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ. ರೆಫರಲ್ ಚೀಟಿ ಇಲ್ಲದೆ ಬಂದ ಮಾಲೂರಿನ ಅಜ್ಜಿಯನ್ನು ಸುಮ್ನೆ ‘ವಾಪಸ್ ಹೋಗಿ’ ಅನ್ನುವವರು ಬೇರೆ. ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು, ಯಾವ ಕಾಗದ ತರಬೇಕು ಅಂತ ಕೂರಿಸಿ ಹೇಳುವವರು ಬೇರೆ. ನೀವು ಯಾರಾಗುತ್ತೀರಿ ಅನ್ನುವುದು ಆ ಕೌಂಟರಿನಲ್ಲೇ ತಿಳಿಯುತ್ತದೆ.

ಎರಡನೇ ಹೆಜ್ಜೆ: ನಿಮ್ಮ ಬಾಗಿಲು ಯಾವುದು?

ಬಿಕಾಂ, ಬಿಬಿಎ ಓದಿದವರು ಬಿಲ್ಲಿಂಗ್, ಇನ್ಶೂರೆನ್ಸ್ ಡೆಸ್ಕ್, ಸ್ಟೋರ್ಸ್, ಫ್ರಂಟ್ ಆಫೀಸಿನಿಂದ ಒಳಗೆ ಬರುತ್ತಾರೆ. ಅಲ್ಲಿಂದ ಫ್ಲೋರ್ ಮ್ಯಾನೇಜರ್, ಆಪರೇಷನ್ಸ್ ಮ್ಯಾನೇಜರ್ ತನಕ ಏರಬಹುದು.

ಸಿಸ್ಟರ್‌ಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮೂವತ್ತು ಬೆಡ್ಡಿನ ವಾರ್ಡಿಗೆ ಡ್ಯೂಟಿ ರೋಸ್ಟರ್ ಹಾಕಿ, ಬೇಕಾದ ಸಾಮಾನಿನ ಇಂಡೆಂಟ್ ಬರೆದು, ರಾತ್ರಿ ಇಬ್ಬರು ರಜೆ ಹಾಕಿದರೂ ವಾರ್ಡ್ ನಡೆಸುವ ಇನ್‌ಚಾರ್ಜ್ ಸಿಸ್ಟರ್ ಆಗಲೇ ಆಡಳಿತ ಮಾಡುತ್ತಿದ್ದಾರೆ. ಅವರೇ ಅದನ್ನು ಆಡಳಿತ ಅಂತ ಕರೆಯುವುದಿಲ್ಲ, ಅಷ್ಟೇ. ನರ್ಸಿಂಗ್ ಸೂಪರಿಂಟೆಂಡೆಂಟ್ ಹುದ್ದೆ ಇದೆ. ಸೋಂಕು ನಿಯಂತ್ರಣದ ನರ್ಸ್ ಹುದ್ದೆ ಇದೆ. ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್‌ನ ಮಾನ್ಯತೆಗೆ ಹೊರಟ ಆಸ್ಪತ್ರೆಗಳಿಗೆ ಕ್ವಾಲಿಟಿ ವಿಭಾಗ ನಡೆಸುವವರು ಬೇಕು. ಯಾವ ಕಸ ಹಳದಿ ಚೀಲಕ್ಕೆ, ಯಾವುದು ಕೆಂಪಿಗೆ, ಸೂಜಿ ಯಾವ ಬಿಳಿ ಡಬ್ಬಕ್ಕೆ ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುತ್ತದೆ. ಅದನ್ನು ಬೇರೆಯವರು ಪುಸ್ತಕದಿಂದ ಕಲಿಯಬೇಕು, ಸಿಸ್ಟರ್ ಕೈಗೆ ಅಭ್ಯಾಸ. ಅರ್ಜಿ ಹಾಕಲು ಹಿಂಜರಿಯಬೇಡಿ.

ಡಾಕ್ಟರುಗಳಿಗೆ ಇದು ಕೇಳದೆಯೇ ತಲೆ ಮೇಲೆ ಬರುತ್ತದೆ. ಬಯಲು ಸೀಮೆಯಲ್ಲಿ ಸುಮಾರು 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅಂತ ಲೆಕ್ಕ. ಎಂಬಿಬಿಎಸ್ ಮುಗಿಸಿ ಅಲ್ಲಿಗೆ ಬಂದ ಹೊಸ ವೈದ್ಯಾಧಿಕಾರಿ ಮೊದಲ ವಾರದಿಂದಲೇ ಸಿಬ್ಬಂದಿ, ಔಷಧಿ ದಾಸ್ತಾನು, ಆರೋಗ್ಯ ರಕ್ಷಾ ಸಮಿತಿಯ ಲೆಕ್ಕ ನೋಡಬೇಕು. ಕಾಲೇಜಿನಲ್ಲಿ ಇದಕ್ಕೆ ಅಷ್ಟಾಗಿ ತಯಾರಿ ಸಿಗುವುದಿಲ್ಲ. ಮುಂದೆ ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ ಆಗುವ ದಾರಿಯೂ ಅಲ್ಲಿಂದಲೇ ಶುರು.

ಮೂರನೇ ಹೆಜ್ಜೆ: ಓದು

ಪಿಯುಸಿ ನಂತರ ಆಸ್ಪತ್ರೆ ಆಡಳಿತದ ಪದವಿ ಇದೆ. ಡಿಗ್ರಿ ಆದವರಿಗೆ ಎರಡು ವರ್ಷದ ಎಂಎಚ್‌ಎ, ಅಂದರೆ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಇವೆರಡೂ ಸಿಗುತ್ತವೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲೂ (ಟಿಸ್) ಎಂಎಚ್‌ಎ ಇದೆ. ಹಳ್ಳಿ, ಲಸಿಕೆ, ರೋಗ ತಡೆ ಕಡೆ ಮನಸ್ಸಿದ್ದರೆ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ನೋಡಿ. ಕೆಲಸದ ಜೊತೆ ಓದುವವರಿಗೆ ಇಗ್ನೋ ಪಿಜಿ ಡಿಪ್ಲೊಮಾ ಇದೆ. ಅರ್ಹತೆ ಮೊದಲೇ ಓದಿಕೊಳ್ಳಿ.

ನನ್ನ ಮಾತು ಕೇಳುವುದಾದರೆ, ಒಂದು ವರ್ಷ ಕೆಲಸ ಮಾಡಿ ಆಮೇಲೆ ಎಂಎಚ್‌ಎ ಸೇರಿ. ಕ್ಲಾಸಿನಲ್ಲಿ ಹೇಳಿದ್ದು ಆಗ ಅರ್ಥವಾಗುತ್ತದೆ. ಕಾಲೇಜು ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಇಂಟರ್ನ್‌ಶಿಪ್ ಎಷ್ಟು ದಿನ, ಯಾವ ಆಸ್ಪತ್ರೆಯಲ್ಲಿ? ಉತ್ತರ ಗೊಣಗಾಟವಾದರೆ ಎದ್ದು ಬನ್ನಿ.

ಸರ್ಕಾರದ ಕಡೆ

ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕಾರ್ಯಕ್ರಮ ವ್ಯವಸ್ಥಾಪಕರು, ಲೆಕ್ಕ ವ್ಯವಸ್ಥಾಪಕರ ಹುದ್ದೆಗಳಿವೆ. ಡಾಕ್ಟರ್ ಅಲ್ಲದವರಿಗೂ ಅವಕಾಶ ಇದೆ. ಆದರೆ ಅವು ಗುತ್ತಿಗೆ ಹುದ್ದೆಗಳು, ಮನೆಯಲ್ಲಿ ಇದನ್ನು ಮೊದಲೇ ಹೇಳಿಬಿಡಿ. ಅಧಿಸೂಚನೆಗೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ನೋಟಿಸ್ ಬೋರ್ಡ್ ನೋಡುತ್ತಿರಿ.

ಕೊನೆಗೆ ಇಂಟರ್‌ವ್ಯೂ

‘ಆಸ್ಪತ್ರೆಗೇ ಯಾಕೆ ಬಂದಿರಿ?’ ಅಂತ ಕೇಳುತ್ತಾರೆ. ‘ಸೇವೆ ಮಾಡಲು’ ಅಂತ ಹೇಳಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮೊದಲ ಹೆಜ್ಜೆಯಲ್ಲಿ ಗಡಿಯಾರ ನೋಡಿ ಬರೆದ ಪುಟ ಇದೆಯಲ್ಲ, ಅದನ್ನು ತೆಗೆದು ಮೇಜಿನ ಮೇಲಿಡಿ. 9.40ಕ್ಕೆ ಡಾಕ್ಟರು ಸಹಿ ಹಾಕಿದರು. 12.15ರವರೆಗೆ ಫೈಲು ವಾರ್ಡ್ ಬಿಟ್ಟು ಕದಲಲಿಲ್ಲ. 12.50ಕ್ಕೆ ಫಾರ್ಮಸಿ ಊಟಕ್ಕೆ ಮುಚ್ಚಿತ್ತು. ಅದರ ಕೆಳಗೆ, ಯಾವ ಎರಡು ಗಂಟೆ ಉಳಿಸಬಹುದಿತ್ತು ಅಂತ ನಿಮ್ಮ ಕೈಯಾರೆ ಬರೆದ ನಾಲ್ಕು ಸಾಲು ಇರಲಿ.