ಮಳೆಗಾಲದ ಜೀಪಿಗೆ ಯಾವ ಟೈರ್? ಮೊದಲು ದಾರಿಗೆ ಕೋಲು ಚುಚ್ಚಿ ನೋಡಿ

ಮೃಗಶಿರ ಮಳೆ ಹಿಡಿಯುವ ಮೊದಲೇ ಟೈರ್ ಹಾಕಿಸಿಬಿಡಬೇಕು ಅಂತ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಎಲ್ಲರಿಗೂ ಅವಸರ. ಅಂಗಡಿಗೆ ಹೋಗಿ ಹೆಚ್ಚಿನವರು ಕೇಳುವುದು ಒಂದೇ: "ದೊಡ್ಡ ಬಟನ್ ಇರೋದು ಕೊಡಿ." ಬಟನ್ ಅಂದರೆ ಟೈರಿನ ಮೈಮೇಲೆ ಎದ್ದು ನಿಂತಿರುವ ರಬ್ಬರಿನ ಹಲ್ಲುಗಳು. ಕೆಲವರಿಗೆ ಅದು ಸರಿಹೋಗುತ್ತದೆ. ಉಳಿದವರು ಜಾಸ್ತಿ ದುಡ್ಡು ಕೊಟ್ಟು, ಆರಿದ್ರಾ ಮಳೆಯಲ್ಲಿ ಅದೇ ಏರಿನಲ್ಲಿ ಮತ್ತೆ ಹೂತುಕೊಳ್ಳುತ್ತಾರೆ.

ತೋಟದ ಮನೆಗಳಲ್ಲಿ ಜೀಪು ಬರೀ ಗೊಬ್ಬರ ಹೊರುವ ಗಾಡಿಯಲ್ಲ. ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಆಸ್ಪತ್ರೆಗೆ ಒಯ್ಯುವುದೂ ಅದೇ. ಅದಕ್ಕೇ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಕೆಲಸ: ಕೋಲು

ಒಂದು ದಿನ ಚೆನ್ನಾಗಿ ಮಳೆ ಹೊಯ್ದ ಮೇಲೆ, ಕೈಯಲ್ಲಿ ಒಂದು ಕೋಲು ಹಿಡಿದು ನಿಮ್ಮ ದಾರಿಯಲ್ಲಿ ನಡೆದುಹೋಗಿ. ಗಾಡಿ ಎಲ್ಲಿ ಒದ್ದಾಡುತ್ತದೆ ಅಂತ ನಿಮಗೆ ಗೊತ್ತೇ ಇರುತ್ತದೆ: ಹಳ್ಳ ದಾಟಿದ ಮೇಲಿನ ಏರು, ಕಣದ ಮುಂದಿನ ತಿರುವು, ಗದ್ದೆಯ ಅಂಚು. ಅಲ್ಲಿ ಗಾಲಿ ಓಡಾಡುವ ಜಾಗದಲ್ಲೇ ಕೋಲು ಚುಚ್ಚಿ. ಎಷ್ಟು ಇಂಚು ಇಳಿದ ಮೇಲೆ ಗಟ್ಟಿ ನೆಲ ಸಿಗುತ್ತದೆ ಅನ್ನುವುದನ್ನು ನೋಡಿಕೊಳ್ಳಿ. ಟೈರ್ ಯಾವುದು ಬೇಕು ಅನ್ನುವುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಮೂರು ನಾಲ್ಕು ಇಂಚಿಗೇ ಗಟ್ಟಿ ಸಿಕ್ಕಿತೇ? ಮಲೆನಾಡಿನ ಬಹಳಷ್ಟು ತೋಟದ ದಾರಿಗಳು ಹೀಗೇ. ಮೇಲೆ ಕೆಂಪು ರಾಡಿ, ಕೆಳಗೆ ಜಂಬಿಟ್ಟಿಗೆಯೋ ಹಿಂದೆ ಯಾರೋ ಹಾಕಿಸಿದ ಸೈಜುಗಲ್ಲೋ ಇರುತ್ತದೆ. ಇಲ್ಲಿ ಬೇಕಾದದ್ದು ಅಗಲ ಕಡಿಮೆ ಇರುವ, ಬಟನ್ ಎತ್ತರ ಇರುವ ಟೈರ್. ಅದು ರಾಡಿಯನ್ನು ಕೊಯ್ದುಕೊಂಡು ಕೆಳಗಿಳಿದು ಗಟ್ಟಿ ನೆಲವನ್ನು ಕಚ್ಚುತ್ತದೆ. ಹಳೇ ಮಹೀಂದ್ರ ಜೀಪುಗಳಿಗೆ 6.00-16 ಅಳತೆಯ ಟೈರ್ ಬರುತ್ತಿತ್ತಲ್ಲ, ಅಗಲ ಸುಮಾರು 6 ಇಂಚು, ಒಳಗಿನ ರಿಮ್ಮು 16 ಇಂಚು. ನೋಡಲು ಸಣಕಲು. ಆದರೆ ನಮ್ಮ ದಾರಿಗೆ ಹೇಳಿ ಮಾಡಿಸಿದ ಹಾಗಿತ್ತು. ಚಂದಕ್ಕೆ ಅಂತ ಅಗಲ ಟೈರ್ ಹಾಕಿಸಿದವರ ಗಾಡಿ ಆ ರಾಡಿಯ ಮೇಲೆಯೇ ತೇಲಿ ಅಡ್ಡಡ್ಡ ಜಾರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕೋಲು ಒಂದಡಿ ಇಳಿದರೂ ನೆಲ ಸಿಗದಿದ್ದರೆ ಕಥೆಯೇ ಬೇರೆ. ಗದ್ದೆ ಬದಿ, ಹಳ್ಳದ ದಂಡೆ, ಅಜ್ಜಂಪುರದ ಕಡೆಯ ಎರೆಮಣ್ಣು ಎಲ್ಲ ಈ ಲೆಕ್ಕಕ್ಕೆ ಸೇರುತ್ತವೆ. ಇಲ್ಲಿ ಕೊಯ್ದುಕೊಂಡು ಹೋದರೆ ಕೊನೆಯೇ ಇಲ್ಲ. ಗಾಡಿ ಹೊಟ್ಟೆ ಊರಿ ಕೂತುಬಿಡುತ್ತದೆ. ಅಗಲ ಟೈರ್ ಬೇಕು, ಗಾಳಿ ಕಡಿಮೆ ಇರಬೇಕು, ಭಾರ ಹರಡಬೇಕು. ಎರೆಮಣ್ಣಿಗೆ ಇನ್ನೊಂದು ಗುಣವಿದೆ. ಅದು ಅಂಟುತ್ತದೆ. ಬಟನ್‌ಗಳ ಸಂದು ಕಿರಿದಾಗಿದ್ದರೆ ನಾಲ್ಕು ಸುತ್ತಿಗೇ ಮಣ್ಣು ತುಂಬಿ ಹೊಸ ಟೈರೂ ಬೋಳು ಟೈರ್ ಆಗುತ್ತದೆ. ಸಂದು ಅಗಲ ಇದ್ದರೆ ಗಾಲಿ ತಿರುಗಿದಂತೆಲ್ಲ ಮಣ್ಣು ಸಿಡಿದು ಬೀಳುತ್ತದೆ. ಇಷ್ಟೆಲ್ಲ ಇದ್ದರೂ ಎರೆಮಣ್ಣಿಗೆ ಜೋರು ಮಳೆ ಬಿದ್ದ ದಿನ ಗಾಡಿ ಇಳಿಸದೇ ಇರುವುದು ಲೇಸು.

ಹಿಮದ ದೇಶಗಳಲ್ಲೂ ಇದೇ ಲೆಕ್ಕ. ಅಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗೆ ಗಾಲಿಯ ಬದಲು ರಬ್ಬರಿನ ಪಟ್ಟಿ ಇರುತ್ತದೆ, ಟ್ರ್ಯಾಕ್ ಅನ್ನುತ್ತಾರೆ. ತುಳಿದು ಗಟ್ಟಿಯಾದ ಹಿಮದ ದಾರಿಗೆ ಸುಮಾರು 1 ಇಂಚು ಎತ್ತರದ ಹಲ್ಲು ಸಾಕು. ಬೆಟ್ಟದ ಮೇಲಿನ ಆಳವಾದ ಹಗುರ ಹಿಮಕ್ಕೆ 3 ಇಂಚಿನವರೆಗಿನ ಹಲ್ಲು ಹಾಕುತ್ತಾರೆ, ಭಾರ ಹರಡಲಿ ಅಂತ ಪಟ್ಟಿಯೂ ಉದ್ದ ಇರುತ್ತದೆ. ಗಟ್ಟಿ ದಾರಿಯಲ್ಲಿ ಆ ಉದ್ದ ಹಲ್ಲೇ ತೊಂದರೆ ಕೊಡುತ್ತದೆ. ನೆಲ ನೋಡಿ ಹಲ್ಲು ಆರಿಸುವುದು ಎಲ್ಲ ಕಡೆಯೂ ಇದೆ, ಅಲ್ವಾ?

ಮೂರನೆಯದು, ಕೋಲು ಇಳಿಯುವುದೇ ಇಲ್ಲ, ಆದರೆ ಕಾಲಿಟ್ಟರೆ ಜಾರುತ್ತದೆ. ಪಾಚಿ ಹಿಡಿದ ಬಂಡೆ, ಕಾಂಕ್ರೀಟ್ ಏರು, ಚಾರ್ಮಾಡಿ ಘಾಟಿಯ ನೆನೆದ ಟಾರು. ಇಲ್ಲಿ ದೊಡ್ಡ ಬಟನ್ ಮೋಸ ಮಾಡುತ್ತದೆ. ಬಟನ್ ದೊಡ್ಡದು, ಸಂದು ಅಗಲ ಅಂದರೆ ನೆಲಕ್ಕೆ ತಾಗುವ ರಬ್ಬರ್ ಕಡಿಮೆ. ಬೇಕಾದದ್ದು ಮೆತ್ತನೆಯ ರಬ್ಬರ್, ಅದರ ತುಂಬ ಸಣ್ಣ ಸಣ್ಣ ಸೀಳು. ಇದನ್ನು ನಾನು ಕಲಿತದ್ದು ಒಂದು ಜುಲೈ ಸಂಜೆ. ನಾಲ್ಕೂ ಗಾಲಿಗೆ ಕೆಸರಿನ ಟೈರ್ ಹಾಕಿಸಿ ತಿಂಗಳಾಗಿತ್ತು. ತೋಟದಲ್ಲಿ ಗಾಡಿ ಆನೆಯ ಹಾಗೆ ಹತ್ತುತ್ತಿತ್ತು. ಅದೇ ಧೈರ್ಯದಲ್ಲಿ ಘಾಟಿ ಇಳಿಯುವಾಗ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲಿಲ್ಲ. ಜಾರಿಕೊಂಡು ಹೋಗಿ ತಡೆಗೋಡೆಗೆ ಒಂದು ಗೇಣು ಬಾಕಿ ಇರುವಾಗ ನಿಂತಿತು. ಪಕ್ಕದಲ್ಲಿ ಭಾವ ಕೂತಿದ್ದರು. ಊರು ಮುಟ್ಟುವವರೆಗೆ ಇಬ್ಬರೂ ಮಾತಾಡಲಿಲ್ಲ.

ಎರಡನೆಯ ಕೆಲಸ: ಕಿಲೋಮೀಟರ್ ಲೆಕ್ಕ

ನಿಮ್ಮ ಗಾಡಿ ದಿನಕ್ಕೆ ಟಾರಿನ ಮೇಲೆ ಎಷ್ಟು ಓಡುತ್ತದೆ, ಕೆಸರಿನಲ್ಲಿ ಎಷ್ಟು? ಪ್ಯಾಟೆಗೆ 20 ಕಿ.ಮೀ. ಟಾರು, ಮನೆಗೆ 1 ಕಿ.ಮೀ. ಮಣ್ಣು ದಾರಿ ಅನ್ನುವವರಿಗೆ ಎಟಿ ಟೈರ್ ಸಾಕು, ಜೊತೆಗೆ ಗಾಲಿಗೆ ಸುತ್ತಿ ಕಟ್ಟುವ ಚೈನು ಒಂದು ಜೊತೆ ಇಟ್ಟುಕೊಳ್ಳಿ. ತೋಟ ಬಿಟ್ಟು ಹೊರಗೇ ಹೋಗದ ಗಾಡಿಗೆ ಎಂಟಿ ಹಾಕಿಸಿ. ಎಚ್‌ಟಿ ಅಂದರೆ ಟಾರು ರಸ್ತೆಯದು, ಎಟಿ ಎರಡಕ್ಕೂ ಆಗುವಂಥದ್ದು, ಎಂಟಿ ಕೆಸರಿನದು. ಟೈರಿನ ಮೇಲೆ 'ಎಂ+ಎಸ್' ಅಂತ ಕಂಡರೆ ಅದು ಕೆಸರು ಮತ್ತು ಹಿಮದ ಗುರುತು. ಅದೊಂದನ್ನೇ ನೋಡಿ ನಂಬಬೇಡಿ, ಸಾಧಾರಣ ಬಟನ್‌ನ ಟೈರುಗಳ ಮೇಲೂ ಅದು ಇರುತ್ತದೆ. ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳಿನ ಚಿತ್ರ ಇದ್ದರೆ ಅದು ಹಿಮದಲ್ಲಿ ಪರೀಕ್ಷೆ ಮಾಡಿದ ಟೈರ್. ನಮಗೆ ಅದರ ಅಗತ್ಯವಿಲ್ಲ.

ಅಂಗಡಿಯಲ್ಲಿ ಇನ್ನೆರಡು ಅಂಕಿ ನೋಡಿ. ಅಳತೆಯ ಪಕ್ಕದಲ್ಲಿ 100 ಅಂತಿದ್ದರೆ ಆ ಒಂದು ಟೈರ್ 800 ಕೆ.ಜಿ. ಹೊರಬಲ್ಲದು. ಕಾಫಿ ಮೂಟೆ ಹೇರುವ ಗಾಡಿಗೆ ಇದು ಮುಖ್ಯ. ಇನ್ನೊಂದು, ನಾಲ್ಕಂಕಿಯ ತಾರೀಕು. 2324 ಅಂತಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಅಂಗಡಿಯಲ್ಲೇ ಕೂತ ಟೈರನ್ನು ರಿಯಾಯಿತಿ ಕೊಟ್ಟರೂ ತರಬೇಡಿ. ರಬ್ಬರ್ ಗಟ್ಟಿಯಾಗಿರುತ್ತದೆ.

ಫೋರ್ ವೀಲ್ ಗಾಡಿಯಾದರೆ ನಾಲ್ಕೂ ಒಂದೇ ಅಳತೆ, ಸವೆತವೂ ಹೆಚ್ಚುಕಡಿಮೆ ಒಂದೇ ಇರಲಿ. ಹಿಂದೆ ಒಂದು ಅಳತೆ, ಮುಂದೆ ಒಂದು ಅಳತೆ ಇದ್ದರೆ ಗೇರಿನ ಪೆಟ್ಟಿಗೆಗೆ ಪೆಟ್ಟು ಬೀಳುತ್ತದೆ.

ಬಟನ್ 1.6 ಮಿ.ಮೀ.ಗೆ ಇಳಿದರೆ ಟೈರ್ ಬದಲಿಸಲೇಬೇಕು. ಕೆಸರಿಗೆ ಅಲ್ಲಿಯವರೆಗೆ ಕಾಯಬೇಡಿ. ಅರ್ಧ ಸವೆದ ಟೈರ್ ಬೇಸಿಗೆಗೆ ಚೆನ್ನಾಗಿಯೇ ಇರುತ್ತದೆ, ಮಳೆಗಾಲದ ಏರಿಗೆ ಅದನ್ನು ನಾನು ನಂಬುವುದಿಲ್ಲ.

ಗಾಳಿ ಮತ್ತು ಚೈನು

ಗಾಡಿ ಖಾಲಿ ಇದ್ದು, ನೆಲ ತೀರಾ ಮೆತ್ತಗಿದ್ದರೆ 30 ಪಿಎಸ್‌ಐನಷ್ಟಿರುವ (ಗಾಳಿಯ ಒತ್ತಡದ ಅಳತೆ) ಗಾಳಿಯನ್ನು 20ರ ಹತ್ತಿರಕ್ಕೆ ಇಳಿಸಬಹುದು. ಟೈರ್ ಚಪ್ಪಟೆಯಾಗಿ ಹೆಚ್ಚು ಜಾಗ ಹಿಡಿಯುತ್ತದೆ. ಮೆಲ್ಲಗೆ ಓಡಿಸಿ, ಜೋರಾಗಿ ತಿರುಗಿಸಬೇಡಿ, ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಟಾರಿಗೆ ಬರುವ ಮೊದಲು ಮತ್ತೆ ಗಾಳಿ ತುಂಬಿಸಲೇಬೇಕು. ಹಾಗಾಗಿ ಗಾಡಿಯಲ್ಲಿ ಪಂಪು ಇಲ್ಲದವರು ಗಾಳಿ ಇಳಿಸುವುದೇ ಬೇಡ. ಲೋಡು ಇದ್ದಾಗಲೂ ಬೇಡ.

ಚೈನು ಕಟ್ಟುವುದು ಮಲೆನಾಡಿನವರಿಗೆ ಹೊಸದಲ್ಲ. ತಪ್ಪು ಆಗುವುದು ಹೊತ್ತಿನಲ್ಲಿ. ಹೂತ ಮೇಲೆ ಕೆಸರಿನಲ್ಲಿ ಮಲಗಿ ಕಟ್ಟಲು ಒದ್ದಾಡುತ್ತೇವೆ. ನಮ್ಮ ತೋಟದ ಡ್ರೈವರ್ ಹೇಳುವ ಮಾತಿದೆ: "ಸಾರ್, ಚೈನು ಗಟ್ಟಿ ನೆಲದಾಗೇ ಕಟ್ಟಬೇಕು. ಕೆಸರಾಗೆ ಕಟ್ಟೋಕಾಗಲ್ಲ." ಏರಿನ ಕೆಳಗೆ, ಗಾಡಿ ಇನ್ನೂ ಗಟ್ಟಿ ನೆಲದಲ್ಲಿರುವಾಗಲೇ ಕಟ್ಟಿ. ಒಂದೇ ಜೊತೆ ಇದ್ದರೆ ಜೀಪು, ಪಿಕಪ್‌ಗೆ ಹಿಂದಿನ ಗಾಲಿಗೆ. ಐವತ್ತು ಮೀಟರ್ ಓಡಿಸಿ, ಇಳಿದು, ಸಡಿಲ ಆಗಿದ್ದರೆ ಬಿಗಿ ಮಾಡಿ. ಬಿಟ್ಟ ತುದಿ ತಿರುಗುತ್ತಾ ಬ್ರೇಕಿನ ಪೈಪಿಗೆ ಬಡಿದರೆ ಅಪಾಯ. ಟಾರು ಬಂದ ತಕ್ಷಣ ಬಿಚ್ಚಿ. ಮನೆಗೆ ಬಂದು ಮಣ್ಣು ತೊಳೆದು, ಹಳೇ ಇಂಜಿನ್ ಎಣ್ಣೆ ಸವರಿ, ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ.