ಲೇಬಲ್ ಕತ್ತರಿಸುವ ಮುನ್ನ ಅದನ್ನು ಓದಿ

ಹೊಲಿಗೆ ಮತ್ತು ರಿಪೇರಿ ನನ್ನ ಕೆಲಸ. ಬಟ್ಟೆ ಕೈಗೆ ಬಂದ ಕೂಡಲೇ ಒಳಮೈ ತಿರುವಿ, ಪಕ್ಕದ ಹೊಲಿಗೆಯಲ್ಲೋ ಕತ್ತಿನ ಹಿಂದೆಯೋ ಇರುವ ಪುಟ್ಟ ಪಟ್ಟಿಯನ್ನು ಹುಡುಕುತ್ತೇನೆ. 'ಚುಚ್ಚುತ್ತೆ, ಕತ್ತರಿಸಿಬಿಡಿ' ಎನ್ನುವವರೇ ಹೆಚ್ಚು. ನಾನು ಕತ್ತರಿಸುವುದಿಲ್ಲ. ಹೊಲಿಗೆ ಬಿಚ್ಚಿ ತೆಗೆದು, ಜೇಬಿನ ಒಳಬದಿಗೆ ಹೊಲಿದು ಕೊಡುತ್ತೇನೆ. ಕುಗ್ಗಿದ ಸ್ವೆಟರ್, ಗುಳ್ಳೆ ಎದ್ದ ಕಾಲರ್, ಬಿಗಿ ಕಳೆದುಕೊಂಡ ಸೊಂಟದ ಪಟ್ಟಿ ಇವೆಲ್ಲ ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಹಾಳಾದದ್ದು ಒಗೆಯುವಾಗ ಅಥವಾ ಇಸ್ತ್ರಿ ಮಾಡುವಾಗ. ಸೂಜಿದಾರದಲ್ಲಿ ಅದಕ್ಕೆ ಮದ್ದಿಲ್ಲ.

ಮೊದಲು ಒಂದು ಮಾತು. ಲೇಬಲ್ಲಿನಲ್ಲಿರುವುದು ಆ ಬಟ್ಟೆ ತಡೆದುಕೊಳ್ಳುವ ಗರಿಷ್ಠ ಮಿತಿ. 40 ಎಂದು ಬರೆದಿದ್ದರೆ 40 ಡಿಗ್ರಿಯಲ್ಲೇ ಒಗೆಯಬೇಕೆಂದಲ್ಲ, ಅದಕ್ಕಿಂತ ಮೇಲೆ ಹೋಗಬಾರದೆಂದು. ಹೆಚ್ಚು ಕೊಳೆಯಿಲ್ಲದ ಬಟ್ಟೆಯನ್ನು ತಣ್ಣೀರಲ್ಲಿ ಒಗೆದರೆ ಯಾವ ತಪ್ಪೂ ಇಲ್ಲ.

ಈ ಚಿಹ್ನೆಗಳ ಹಿಂದೆ 1963ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಗಿನೆಟೆಕ್ಸ್ ಎಂಬ ಸಂಸ್ಥೆಯಿದೆ. ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 3758 ಕೂಡ ಇದೇ ಚಿತ್ರಗಳನ್ನು ಬಳಸುತ್ತದೆ. ಮೂಲ ಚಿತ್ರಗಳು ಐದೇ: ನೀರಿನ ತೊಟ್ಟಿ, ತ್ರಿಕೋನ, ಚೌಕ, ಇಸ್ತ್ರಿಪೆಟ್ಟಿಗೆ, ವೃತ್ತ. ಸಾಮಾನ್ಯವಾಗಿ ಇದೇ ಕ್ರಮದಲ್ಲಿರುತ್ತವೆ. ಯಾವುದರ ಮೇಲೆ ಗುಣಾಕಾರದ ಗೆರೆ ಎಳೆದಿದೆಯೋ ಆ ಕೆಲಸ ಕೂಡದು.

ತೊಟ್ಟಿಯೊಳಗಿನ ಅಂಕಿ ಸೆಲ್ಸಿಯಸ್ ಡಿಗ್ರಿ. ಅಮೆರಿಕದ ಲೇಬಲ್‌ಗಳಲ್ಲಿ ಅಂಕಿಯ ಬದಲು ಚುಕ್ಕೆ ಇರುವುದುಂಟು: ಒಂದಕ್ಕೆ 30, ಎರಡಕ್ಕೆ 40, ಮೂರಕ್ಕೆ 50. ಅಂಕಿಯನ್ನು ಎಲ್ಲರೂ ನೋಡುತ್ತಾರೆ, ತೊಟ್ಟಿಯ ಕೆಳಗಿನ ಅಡ್ಡಗೆರೆಯನ್ನು ನೋಡುವವರು ಕಡಿಮೆ. ನನ್ನನ್ನು ಕೇಳಿದರೆ ಇಡೀ ಲೇಬಲ್ಲಿನಲ್ಲಿ ಹೆಚ್ಚು ಬಟ್ಟೆ ಉಳಿಸುವುದು ಆ ಗೆರೆಯೇ. ಗೆರೆ ಇಲ್ಲದಿದ್ದರೆ ಮಾಮೂಲಿ ಒಗೆತ ಸಾಕು. ಒಂದು ಗೆರೆಯಿದ್ದರೆ ಡ್ರಮ್ ಮೆಲ್ಲಗೆ ತಿರುಗಬೇಕು, ಅರ್ಧದಷ್ಟು ಮಾತ್ರ ಬಟ್ಟೆ ತುಂಬಬೇಕು. ಎರಡು ಗೆರೆಯಿದ್ದರೆ ಇನ್ನೂ ಮೃದುವಾದ ಒಗೆತ, ಡ್ರಮ್‌ನ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಟ್ಟೆ ಬೇಡ.

ಇಷ್ಟು ಎಚ್ಚರ ಏಕೆಂದರೆ ಉಣ್ಣೆಯನ್ನು ಹಾಳುಮಾಡುವುದು ಬಿಸಿ ಒಂದೇ ಅಲ್ಲ, ಕುಲುಕಾಟ ಕೂಡ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂಥ ಹುರುಪೆಗಳಿವೆ. ನೆನೆದಾಗ ತಿಕ್ಕಾಟವೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ನೀರು ಬಿಸಿಯಿದ್ದರೆ ಇನ್ನೂ ಬೇಗ. ಬಟ್ಟೆ ದಪ್ಪಗಾಗಿ ಕುಗ್ಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ 30 ಡಿಗ್ರಿ ಮತ್ತು ಎರಡು ಗೆರೆಗಳಿರುವ ಸ್ವೆಟರನ್ನು, 30 ಡಿಗ್ರಿಯೇ ಅಲ್ಲವೇ ಎಂದು ಮಾಮೂಲಿ ಸೈಕಲ್ಲಿಗೆ ಹಾಕಬೇಡಿ.

ತೊಟ್ಟಿಯಲ್ಲಿ ಕೈ ಇದ್ದರೆ ಕೈಯಲ್ಲೇ ಒಗೆಯಬೇಕು, ನೀರು 40 ಡಿಗ್ರಿ ಮೀರಬಾರದು. ಉಜ್ಜಬೇಡಿ, ಹಿಂಡಬೇಡಿ. ನೀರಿನಲ್ಲಿ ಅದುಮಿ ಅದುಮಿ ಬಿಡಿ, ಆಮೇಲೆ ಒಣ ಟವೆಲ್‌ನಲ್ಲಿ ಸುರುಳಿ ಸುತ್ತಿ ಒತ್ತಿ ತೆಗೆಯಿರಿ. ವಿಸ್ಕೋಸ್ (ರೇಯಾನ್) ವಿಷಯದಲ್ಲಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ. ಒಣಗಿದಾಗ ಗಟ್ಟಿಯಾಗಿ ಕಾಣುವ ಆ ದಾರ ಒದ್ದೆಯಾದಾಗ ಬಹಳ ದುರ್ಬಲವಾಗುತ್ತದೆ. ಹಿಂಡಿದ್ದರಿಂದ ಹೊಲಿಗೆಯ ಅಂಚಿನಲ್ಲೇ ಸೀಳಿದ ಬಟ್ಟೆ ನನ್ನ ಕೈಗೆ ಬಂದಿದೆ. ಅಂಚಿನ ಎಳೆಗಳು ಜಾರಿಹೋದ ಮೇಲೆ ತೇಪೆ ಹಾಕುವುದೂ ಕಷ್ಟ.

ತ್ರಿಕೋನ ಬ್ಲೀಚಿನದು. ಖಾಲಿ ತ್ರಿಕೋನವಿದ್ದರೆ ಯಾವ ಬ್ಲೀಚ್ ಆದರೂ ಆದೀತು. ಒಳಗೆ ಎರಡು ಓರೆಗೆರೆಗಳಿದ್ದರೆ ಆಕ್ಸಿಜನ್ ಬ್ಲೀಚ್, ಅಂದರೆ ಕ್ಲೋರಿನ್ ಇಲ್ಲದ್ದು ಮಾತ್ರ. ಕ್ಲೋರಿನ್ ಬ್ಲೀಚ್ ರೇಷ್ಮೆ ಮತ್ತು ಉಣ್ಣೆಯನ್ನು ತಿಂದುಹಾಕುತ್ತದೆ, ಎಲಾಸ್ಟೇನ್ ಇರುವ ಬಟ್ಟೆಯ ಹಿಗ್ಗುವ ಗುಣವನ್ನೇ ಕೊಲ್ಲುತ್ತದೆ. ಬಿಳಿ ಬಟ್ಟೆಗೆಂದು ಮಾರುವ ಅನೇಕ ಪುಡಿಗಳಲ್ಲಿ ಬ್ಲೀಚ್ ಮೊದಲೇ ಬೆರೆತಿರುತ್ತದೆ. ತ್ರಿಕೋನದ ಮೇಲೆ ಗುಣಾಕಾರದ ಗೆರೆಯಿದ್ದರೆ ಪೊಟ್ಟಣದ ಹಿಂಬದಿಯನ್ನೂ ಓದಿಕೊಳ್ಳಿ.

ಚೌಕ ಒಣಗಿಸುವುದಕ್ಕೆ. ಒಳಗೆ ವೃತ್ತವಿದ್ದರೆ ಡ್ರೈಯರ್: ಒಂದು ಚುಕ್ಕೆಗೆ ಕಡಿಮೆ ಬಿಸಿ, ಎರಡಕ್ಕೆ ಮಾಮೂಲಿ. ನೆಟ್ಟಗೆ ನಿಂತ ಒಂದು ಗೆರೆಯಿದ್ದರೆ ತಂತಿಗೆ ಹಾಕಿ, ಎರಡಿದ್ದರೆ ಹಿಂಡದೆ ನೀರು ಸುರಿಯುತ್ತಿರುವಂತೆಯೇ ತೂಗುಹಾಕಿ. ಅಡ್ಡ ಮಲಗಿದ ಗೆರೆಯಿದ್ದರೆ ಹರಡಿ ಒಣಗಿಸಿ, ಏಕೆಂದರೆ ಹೆಣಿಗೆಯ ಬಟ್ಟೆಯನ್ನು ತೂಗುಹಾಕಿದರೆ ನೀರಿನ ಭಾರಕ್ಕೇ ತೋಳು ಉದ್ದವಾಗುತ್ತದೆ. ಮೂಲೆಯಲ್ಲಿ ಓರೆಗೆರೆಯಿದ್ದರೆ ನೆರಳಲ್ಲಿ.

ಇಸ್ತ್ರಿಪೆಟ್ಟಿಗೆಯಲ್ಲಿ ಚುಕ್ಕೆ ಹೆಚ್ಚಿದಷ್ಟೂ ಬಿಸಿ ಹೆಚ್ಚು. ಒಂದಕ್ಕೆ ಸುಮಾರು 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ನೈಲಾನ್ ಮತ್ತು ಅಕ್ರಿಲಿಕ್‌ಗೆ ಸಾಮಾನ್ಯವಾಗಿ ಒಂದು ಚುಕ್ಕೆ, ಉಣ್ಣೆಗೆ ಎರಡು, ಹತ್ತಿಗೆ ಮೂರು. ಒಂದು ಚುಕ್ಕೆಯ ಬಟ್ಟೆಗೆ ಹಬೆ ಬೇಡ. ಪೆಟ್ಟಿಗೆಯ ಕೆಳಗಿನ ಗೆರೆಗಳನ್ನಷ್ಟೇ ಹೊಡೆದುಹಾಕಿದ್ದರೆ ಇಸ್ತ್ರಿ ಮಾಡಬಹುದು, ಹಬೆ ಬಿಡಬಾರದು.

ಇಲ್ಲಿ ಅನೇಕರು ವಾದಿಸುತ್ತಾರೆ: 'ಇದು ಹತ್ತಿ, ಮೂರು ಚುಕ್ಕೆ ತಡೆಯುತ್ತದೆ, ಲೇಬಲ್ಲಿನಲ್ಲಿ ಎರಡೇ ಹಾಕಿದ್ದಾರಲ್ಲ?' ಲೇಬಲ್ ಹೇಳುವುದು ಮೇಲಿನ ಬಟ್ಟೆಯೊಂದರ ಮಾತಲ್ಲ. ಒಳಗಿನ ಅಸ್ತರು, ಗುಂಡಿ, ಕಸೂತಿ, ಕಾಲರಿನೊಳಗಿನ ಕ್ಯಾನ್ವಾಸ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ಅವುಗಳಲ್ಲಿ ಅತಿ ನಾಜೂಕಾದದ್ದೇ ಮಿತಿಯನ್ನು ನಿರ್ಧರಿಸುತ್ತದೆ. ಕಾಲರ್ ಮತ್ತು ಕಫ್ ಒಳಗಿನ ಕ್ಯಾನ್ವಾಸನ್ನು ಬಹಳ ಸಲ ಬಿಸಿಯಲ್ಲಿ ಕರಗುವ ಅಂಟಿನಿಂದ ಕೂರಿಸಿರುತ್ತಾರೆ. ಬಿಸಿ ಮೀರಿದರೆ ಅಂಟು ಬಿಟ್ಟು ಗುಳ್ಳೆ ಏಳುತ್ತದೆ. ಕೋಟಿನ ಮೇಲ್ಬಟ್ಟೆ ಹಾಗೆಯೇ ಉಳಿದು ಅಸ್ತರು ಮಾತ್ರ ಕುಗ್ಗಿದರೆ ಅಂಚು ಒಳಕ್ಕೆ ಸೆಳೆದುಕೊಳ್ಳುತ್ತದೆ, ಇಡೀ ಅಸ್ತರನ್ನೇ ಬಿಚ್ಚಿ ಹೊಸದು ಹಾಕಬೇಕಾಗುತ್ತದೆ. ಒಟ್ಟಿಗೆ ಹಾಕುವ ಬಟ್ಟೆಗಳಿಗೂ ಇದೇ ನಿಯಮ: ಆ ರಾಶಿಯಲ್ಲಿ ಅತಿ ನಾಜೂಕಾದ ಬಟ್ಟೆಯ ಲೇಬಲ್ ನೋಡಿ ಮೆಷಿನ್ ಹೊಂದಿಸಿ.

ವೃತ್ತದೊಳಗಿನ ಅಕ್ಷರಗಳು ಡ್ರೈಕ್ಲೀನ್ ಮಾಡುವವರಿಗೆ. ಪಿ, ಎಫ್ ಎಂಬುವು ಯಾವ ದ್ರಾವಕ ಬಳಸಬಹುದೆಂದು ಹೇಳುತ್ತವೆ, ಡಬ್ಲ್ಯೂ ಎಂದರೆ ವೃತ್ತಿಪರರು ನೀರಿನಲ್ಲೇ ಒಗೆಯಬಹುದು. ಬಟ್ಟೆ ಕೊಡುವಾಗ ಲೇಬಲ್ ತೋರಿಸಿದರೆ ಸಾಕು.

ಲೇಬಲ್ ಇಲ್ಲದ ಅಥವಾ ಅಕ್ಷರ ಅಳಿಸಿದ ಬಟ್ಟೆಯಾದರೆ ಮೊದಲು ಬಣ್ಣ ನೋಡಿಕೊಳ್ಳಿ. ಒಳಗಿನ ಹೊಲಿಗೆಯಂಚನ್ನು ಒದ್ದೆ ಮಾಡಿ, ಬಿಳಿ ಹತ್ತಿ ಬಟ್ಟೆಯ ತುಂಡಿನಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ತುಂಡಿಗೆ ಬಣ್ಣ ಹತ್ತಿದರೆ ಆ ಉಡುಪನ್ನು ಬೇರೆಯಾಗಿಯೇ ತಣ್ಣೀರಲ್ಲಿ ಒಗೆದು, ನೆನೆಹಾಕದೆ ಕೂಡಲೇ ಹರಡಿ ಒಣಗಿಸಿ.